ಅತ್ತೆಯ ಪಾಲಿನ ಪೂಜೆ

ಮೂರು ವರ್ಷದ ಹಿಂದೆ, ದೀಪಾವಳಿ ಕಳೆದ ಚಳಿಗಾಲ. ದೆಹಲಿಯ ಜನಕಪುರಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಗೃಹಿಣಿಯಾಗಿ ನನಗದು ಇಪ್ಪತ್ತಾರನೆಯ ವರ್ಷ. ಈ ಕೆಲಸಕ್ಕೆ ನಿವೃತ್ತಿಯಿಲ್ಲ, ಆದರೆ ತಪ್ಪುಗಳುಂಟು. ನನ್ನ ಅತಿ ದೊಡ್ಡ ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅತ್ತೆಗೆ ಆಗ ಎಪ್ಪತ್ತೆಂಟು. ಹದಿನೆಂಟು ವರ್ಷದಿಂದ ನಮ್ಮ ಜೊತೆಗೇ ಇದ್ದವರು. ಹರಕುಮುರುಕು ಹಿಂದಿಯಲ್ಲೇ ತರಕಾರಿ ಭಯ್ಯಾನ ಬಾಯಿ ಮುಚ್ಚಿಸುತ್ತಿದ್ದವರು. ಬೆಳಿಗ್ಗೆ ಸ್ನಾನ, ಪೂಜೆ, ಅದಾದ ಮೇಲೆಯೇ ಬಾಯಿಗೆ ತುತ್ತು. ಜ್ವರ ಬಂದಾಗಲೂ ಆ ಕ್ರಮ ತಪ್ಪಿದ್ದಿಲ್ಲ. ಆ ವರ್ಷ ಮೊದಲು ಅವರ ಹಿಂದಿ ಹೋಯಿತು. ಆಮೇಲೆ ಸೀರೆಯ ನೆರಿಗೆ ಹಿಡಿಯುವುದು ಮರೆತುಹೋಯಿತು. ಒಂದು ಬೆಳಿಗ್ಗೆ ದೀಪ ಹಚ್ಚಿದ್ದು ಮರೆತು ಇನ್ನೊಂದು, ಮತ್ತೊಂದು ಹಚ್ಚುತ್ತಾ ಹೋದರು. ಕಿಟಕಿಯ ಪರದೆಗೆ ಬೆಂಕಿ ಹತ್ತಿತು. ನೆಲ ಒರೆಸುವ ಬಕೆಟ್ ನೀರು ಪಕ್ಕದಲ್ಲೇ ಇತ್ತು, ಸುರಿದು ಆರಿಸಿದೆ; ದೇವರು ದೊಡ್ಡವನು.

ಅಂದೇ ಬೆಂಕಿಪೊಟ್ಟಣ ಬಚ್ಚಿಟ್ಟೆ. "ಇನ್ನು ಪೂಜೆ ನಾನೇ ಮಾಡ್ತೀನಿ ಅತ್ತೆ. ನೀವು ಆರಾಮಾಗಿ ಕೂತ್ಕೊಳ್ಳಿ," ಎಂದೆ. ಮರುದಿನದಿಂದ ಅವರು ಏಳುವ ಮೊದಲೇ ಪೂಜೆ ಮುಗಿಸಿಬಿಡುತ್ತಿದ್ದೆ.

ಆ ವಾರವೇ ಅವರ ಊಟ ನಿಂತಿತು. ತಟ್ಟೆ ಇಟ್ಟರೆ ಗೋಡೆಗೆ ಮುಖ ಮಾಡುತ್ತಿದ್ದರು. ಸ್ನಾನಕ್ಕೆ ಏಳಲೊಲ್ಲರು, ಮಾತಿಲ್ಲ, ಮಲಗಿದಲ್ಲೇ ಕಣ್ಣೀರು. ಕಾಲೇಜಿಗೆ ಹೋಗುವ ನನ್ನ ಮಗಳು ದಿನವೂ ಚಮಚ ಹಿಡಿದು ಕೂರುತ್ತಿದ್ದಳು. "ಅಜ್ಜಿ, ಪ್ಲೀಸ್ ನಾ! ಬಸ್ ಏಕ್ ಚಮ್ಮಚ್. ಆಮೇಲೆ ತಂಗ್ ಮಾಡಲ್ಲ, ಕಾಡಲ್ಲ, ಪ್ರಾಮಿಸ್." ಬಲವಂತಕ್ಕೆ ಎರಡು ಗುಟುಕು ಹಾಲು ಇಳಿದರೆ ಹೆಚ್ಚು. ಎರಡು ತಿಂಗಳಲ್ಲಿ ಐವತ್ತೊಂದು ಕಿಲೋ ಇದ್ದವರು ನಲವತ್ತಮೂರಕ್ಕೆ ಬಂದರು.

ವೃದ್ಧರನ್ನು ನೋಡುವ ಡಾಕ್ಟರಮ್ಮ ಒಬ್ಬರಿಗೆ ತೋರಿಸಿದೆವು. ಅತ್ತೆಗೆ ಎರಡು ಕಾಯಿಲೆ ಹೆಣೆದುಕೊಂಡಿವೆ ಎಂದರು ಅವರು. ಒಂದು ಡಿಮೆನ್ಷಿಯಾ, ಮೆದುಳು ಸವೆದು ನೆನಪೂ ದಿನದ ಕೆಲಸಗಳೂ ಕಳಚಿಹೋಗುವುದು. ಇನ್ನೊಂದು ಡಿಪ್ರೆಷನ್, ಅಂದರೆ ಮನಸ್ಸೇ ಕುಸಿಯುವುದು. ಮೊದಲನೆಯದು ವಾಸಿಯಾಗದು, ಎರಡನೆಯದರಿಂದ ಅವರನ್ನು ಮೇಲೆತ್ತಬಹುದು. ಆದರೆ ತೂಕ ಇನ್ನೂ ಇಳಿದರೆ ಮೂಗಿನಿಂದ ಆಹಾರದ ನಳಿಕೆ ಹಾಕಬೇಕಾದೀತು. ಈ ದೇಹ ಅದನ್ನು ತಾಳುವುದು ಅನುಮಾನ.

"ಊಟ ಯಾಕೆ ಬಿಟ್ಟರು?" ಎಂದು ಅವರು ಹಿಂದಿಯಲ್ಲಿ ಕೇಳಿದರು. ನನ್ನ ಗಂಡ ಉತ್ತರಿಸಲು ಹೊರಟರು. ಡಾಕ್ಟರಮ್ಮ ಕೈಯೆತ್ತಿ ತಡೆದು, ನನ್ನ ಕಡೆ ತಿರುಗಿ, "ನಿಮ್ಮ ಭಾಷೆಯಲ್ಲಿ ಅವರನ್ನೇ ಕೇಳಿ" ಎಂದರು.

ನನಗೆ ಆಗ ಹೊಳೆಯಿತು: ಎರಡು ತಿಂಗಳಿಂದ "ತಿನ್ನಿ, ತಿನ್ನಿ" ಎಂದಿದ್ದೆವು, "ಯಾಕೆ" ಎಂದು ಒಬ್ಬರೂ ಕೇಳಿರಲಿಲ್ಲ.

"ಅತ್ತೆ, ಊಟ ಯಾಕೆ ಬೇಡ?"

ಅವರು ದಡ್ಡಿಯನ್ನು ನೋಡುವಂತೆ ನನ್ನನ್ನು ನೋಡಿದರು. "ಪೂಜೆ ಆಗದೆ ಊಟ ಮಾಡ್ತಾರೇನೇ?"

"ನಾನು ಮಾಡಿದೆನಲ್ಲ?"

"ನೀನು ಮಾಡಿದ್ದು ನಿನ್ನ ಊಟಕ್ಕಾಯ್ತು. ನನ್ನ ಊಟಕ್ಕೆ?"

ಹಸಿವು ಹೋಗಿರಲಿಲ್ಲ. ಎರಡು ತಿಂಗಳು ಅವರು ಉಪವಾಸವಿದ್ದರು, ನನ್ನಿಂದಾಗಿ.

ಮಾತ್ರೆ ಶುರುವಾಯಿತು. ಬೆಂಕಿಯ ಭಯಕ್ಕೆ ಬ್ಯಾಟರಿ ದೀಪ ತಂದೆ. "ಟಾರ್ಚಿಗೆ ಕೈಮುಗೀಲೇನೇ?" ಎಂದರು ಅತ್ತೆ. ಎಷ್ಟೋ ತಿಂಗಳ ಮೇಲೆ ಕೇಳಿದ ಕೊಂಕು; ನಾನೂ ಮಗಳೂ ನಗುತ್ತಾ ಅತ್ತೆವು. ಪರದೆ ತೆಗೆದುಹಾಕಿ, ನೀರು ತುಂಬಿದ ಅಗಲ ಪರಾತದ ನಡುವೆ ಎಣ್ಣೆದೀಪವಿಟ್ಟು, ಅವರ ಮಣಿಕಟ್ಟು ಹಿಡಿದು ಹಚ್ಚಿಸಿದೆ. ಅಂದು ಒಂದು ಹಿಡಿ ಮೊಸರನ್ನ ತಿಂದರು. ಮೂರು ತಿಂಗಳಲ್ಲಿ ತೂಕ ನಲವತ್ತೇಳಕ್ಕೆ ಬಂತು.

ಕಾಯಿಲೆ ಅಲ್ಲಿಗೆ ನಿಲ್ಲಲಿಲ್ಲ. ಮಂತ್ರ ಮರೆತುಹೋಯಿತು, ನನ್ನ ಹೆಸರು ಮರೆತುಹೋಯಿತು, ಹೆತ್ತ ಮಗನನ್ನೇ ಯಾರೋ ಎಂದುಕೊಂಡು ಹೆದರಿದರು. ಈಗ ದೇವರ ಪಟವನ್ನೂ ಗುರುತಿಸರು. ತೂಕ ಮತ್ತೆ ಇಳಿಯುತ್ತಿದೆ, ಈ ಸಲ ಅದಕ್ಕೆ ಉಪಾಯವಿಲ್ಲ ಎಂದಿದ್ದಾರೆ ಡಾಕ್ಟರಮ್ಮ.

ಒಬ್ಬರ ಕೈಯಿಂದ ಕೆಲಸ ಕಿತ್ತುಕೊಳ್ಳುವ ಮೊದಲು, ಆ ಕೆಲಸಕ್ಕೆ ಅವರ ಬದುಕಿನ ಏನೇನು ಕಟ್ಟಿಕೊಂಡಿದೆ ಎಂದು ಕೇಳಬೇಕು. ಮನೆಗೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ತಡವಾಗಿ. ಈಗಲೂ ದಿನವೂ ಊಟಕ್ಕೆ ಮೊದಲು, ದೇವರಿಗೆ ಏರಿಸಲೆಂದು ಅವರ ಬೆರಳಿಗೆ ಒಂದು ಹೂ ಕೊಡುತ್ತೇನೆ. ಅದು ಎಲ್ಲೆಂದರಲ್ಲಿ ಬೀಳುತ್ತದೆ. ನಿನ್ನೆ ನಾನು ಹಿಡಿದ ಗಂಜಿ ಬಟ್ಟಲಿನೊಳಗೇ ಬಿತ್ತು. ತೆಗೆದು ಕಣ್ಣಿಗೊತ್ತಿಕೊಂಡೆ. ಅವರು ಬಾಯಿ ತೆರೆದರು. ನಾಲ್ಕು ಚಮಚ ಹೋಯಿತು.