ಅಕ್ಕನ ಕೋಣೆಯ ಬೀಗ

ಗೌರಕ್ಕ, ತುಮಕೂರಿನ ಸದಾಶಿವನಗರದ ಆ ಕೋಣೆ ನಿನ್ನ ಕೈತಪ್ಪಿದ್ದು ನನ್ನಿಂದ. ಹಾಗಾಗುತ್ತದೆ ಎಂದು ನನಗೆ ಮೊದಲೇ ಗೊತ್ತಿತ್ತು — ಗೊತ್ತಿದ್ದೂ ನಿನಗೆ ಹೇಳಲಿಲ್ಲ.

ಭಾವ ನಿನ್ನನ್ನು ಬಿಟ್ಟು ಬೆಳ್ಳಾವಿಯಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ ಮೇಲೆ ತುಮಕೂರಿನ ಒಂದು ಸಂಸ್ಥೆ ನಿನಗೆ ಆಸರೆ ಕೊಟ್ಟಿತು. ಗಂಡ ಬಿಟ್ಟ ಹೆಂಗಸರಿಗೆಂದೇ ಇದ್ದ ಏರ್ಪಾಡು — ಇರಲು ಕೋಣೆ, ಮಾಡಲು ಹೊಲಿಗೆ ಕೆಲಸ. ಬೀಗದ ಕೈ ತೋರಿಸಿ ಎಷ್ಟು ನಕ್ಕಿದ್ದೆ ನೀನು! "ನನ್ ಬಾಗ್ಲು, ನನ್ ಬೀಗ ಕಣೋ. ಯಾರ್ನೂ ಕೇಳಂಗಿಲ್ಲ."

ಆಗಲೇ ಕುಣಿಗಲ್ಲಿನಿಂದ ನನಗೆ ಸಂಬಂಧ ಬಂತು. ಹುಡುಗಿ ಒಪ್ಪಿದ್ದಳು. ಅವಳ ಅಪ್ಪ ಮಾತ್ರ ನಮ್ಮ ತೆಂಗಿನ ತೋಟ ಸುತ್ತಿ ಬಂದು ಪಟ್ಟು ಹಿಡಿದರು: "ನಿಮ್ಮಕ್ಕಂದು ಡೈವೋರ್ಸ್ ಆಗ್ಲಿ. ಇಲ್ಲಾಂದ್ರೆ ನಾಳೆ ಅವ್ನು ಗಂಡ ಅಂತ ಬಂದು ತೋಟದಲ್ಲಿ ಪಾಲು ಕೇಳ್ತಾನೆ."

ಡೈವೋರ್ಸ್ ಆದರೆ ನಿನ್ನ ಕೋಣೆ ಏನಾಗುತ್ತದೆ ಎಂದು ನಾನೊಬ್ಬನೇ ಸಂಸ್ಥೆಗೆ ಹೋಗಿ ವಿಚಾರಿಸಿದೆ. ಅಲ್ಲಿನ ಮೇಡಂ ಬಿಡಿಸಿ ಹೇಳಿದರು: "ಡೈವೋರ್ಸ್ ಆದ್ರೆ ಇಲ್ಲಿರೋಕಾಗಲ್ಲಪ್ಪ. ನಮ್ ರೂಲ್ಸು ಗಂಡ ಬಿಟ್ಟೋರಿಗೆ ಮಾತ್ರ." ಬಿಟ್ಟುಹೋದವನಿಂದ ಬಿಡುಗಡೆ ಪಡೆದವಳು ಬೀದಿಗೆ ಬೀಳಬೇಕು — ಇದೆಂಥ ನಿಯಮ ಎಂದು ರೇಗಿತು. ರೇಗಿದ್ದಷ್ಟೇ. ಬಸ್ಸು ಹತ್ತುವಷ್ಟರಲ್ಲಿ ನನ್ನ ಮದುವೆಯ ಯೋಚನೆಯಲ್ಲಿದ್ದೆ. ಆಮೇಲೆ ನಿನಗೆ ಹೇಳಿದ್ದು ಇಷ್ಟೇ: "ಸೈನ್ ಹಾಕಕ್ಕ, ಏನೂ ಆಗಲ್ಲ."

ಕೋರ್ಟಿನಲ್ಲಿ, ಯಾರ ಬಲವಂತವೂ ಇಲ್ಲ ತಾನೇ ಎಂದು ಜಡ್ಜ್ ಕೇಳಿದಾಗ ನೀನು ನನ್ನ ಮುಖ ನೋಡಿದೆ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು... ಸುಮ್ಮನೆ ತಲೆಯಾಡಿಸಿದೆ. "ಇಲ್ಲ ಸಾರ್" ಎಂದುಬಿಟ್ಟೆ ನೀನು.

ಕೋಣೆ ಖಾಲಿ ಮಾಡುವಾಗ "ಯಾರ್ ಕಣ್ ಬಿತ್ತೋ" ಎಂದು ನೀನು ಅತ್ತುಬಿಟ್ಟೆ. ಬೀಗದ ಕೈ ಮೇಡಂಗೆ ಕೊಟ್ಟವನು ನಾನೇ. ನಿನ್ನನ್ನು ಗುಬ್ಬಿಯ ನಮ್ಮ ಮನೆಗೆ ಕರೆತಂದೆ. ಇಂದಿಗೂ ನಮ್ಮ ಟೀವಿ ಆರುವ ತನಕ ಕಾದು ನಡುಮನೆಯಲ್ಲಿ ಚಾಪೆ ಹಾಸುತ್ತೀಯ. ಇನ್ನೊಂದು ಮುದ್ದೆ ಬೇಕೆಂದರೂ ನನ್ನ ಹೆಂಡತಿಯ ಮುಖ ನೋಡುತ್ತೀಯ. ನಿನ್ನ ಕಣ್ಣು ಮಂಜಾಗಿದೆ, ಸೂಜಿಗೆ ದಾರ ಪೋಣಿಸಲೂ ಆಗದು. ಆದರೂ ಮನೆಗೆ ಬಂದವರಿಗೆಲ್ಲ "ಯಾರ್ ಬಿಟ್ರೂ ನನ್ ತಮ್ಮ ಕೈಬಿಡ್ಲಿಲ್ಲ" ಅನ್ನುತ್ತೀಯ. ಆ ಮಾತಿಗೆ ನಾಚಿಕೆಯಾಗಿ ನಾನು ಹಿತ್ತಲಿಗೆ ಎದ್ದು ಹೋಗುತ್ತೇನೆ.

ಇದನ್ನೆಲ್ಲ ನಿನ್ನೆದುರು ಕೂತು ಹೇಳಬೇಕು. ಆದರೆ ಹೇಳಿದ ಮೇಲೆ ಈ ಮನೆಯಲ್ಲಿ ನೀನು ಒಂದು ಹೊತ್ತೂ ನಿಲ್ಲುವವಳಲ್ಲ. ಎದ್ದು ಹೋಗಲು ನಿನಗೊಂದು ಬಾಗಿಲಿತ್ತು, ಅಕ್ಕ. ಅದನ್ನು ಮುಚ್ಚಿಸಿದವನು ನಾನು.