ಅಕ್ಕನ ಮೈಕ್

“ತಮ್ಮಾ, ಅಕ್ಕನ ಮೈಕ್ ಯಾಕ ಬಂದ್ ಮಾಡೀದಿ? ಆಕಿ ದನಿ ಕೇಳವಲ್ದು.”

ಬ್ಯಾಡಗಿಯ ಚರ್ಚಿನಲ್ಲಿ ಮೊದಲ ಹಾಡು ಮುಗಿಸಿದ ಮಾರ್ಥವ್ವ ಮೈಕ್‌ಸೆಟ್ಟಿನ ಬಳಿ ಕೂತಿದ್ದ ನನ್ನತ್ತ ತಿರುಗಿ ಹೀಗೆಂದಾಗ ಹಾಡುಹಗಲಿನಲ್ಲೇ ನನ್ನ ಮೈ ಜುಮ್ಮೆಂದಿತು. ಅವರ ಅಕ್ಕ ತೀರಿಹೋಗಿ ವರ್ಷಗಳೇ ಆಗಿದ್ದವು.

ರಾಣೇಬೆನ್ನೂರಿನಲ್ಲಿ ನನ್ನದು ಮೈಕ್‌ಸೆಟ್ಟಿನ ಅಂಗಡಿ. ಮಾರ್ಥವ್ವ, ಅವರ ಅಕ್ಕ, ಹಾರ್ಮೋನಿಯಂ ನುಡಿಸುವ ತಮ್ಮ, ಮೂವರೂ ಹರೆಯದಿಂದ ಯೇಸುವಿನ ಹಾಡು ಹಾಡುತ್ತ ಹಾವೇರಿ ಸೀಮೆಯೆಲ್ಲ ತಿರುಗಿದವರು. ಅಕ್ಕ ಹೋದ ಮೇಲೂ ಅವರ ಜಾಗದಲ್ಲಿ ಮೈಕ್ ನಿಲ್ಲಿಸುವುದು, ಅವರೊಬ್ಬರೇ ಹಾಡುತ್ತಿದ್ದ ಸಾಲು ಬಂದಾಗ ಉಳಿದಿಬ್ಬರು ಸುಮ್ಮನಾಗುವುದು ಆ ಮನೆಯ ರೂಢಿ. ಖಾಲಿ ಜಾಗಕ್ಕೇಕೆ ಎಂದು ಅಂದು ನಾನು ಅದರ ಗುಂಡಿ ಒತ್ತಿರಲಿಲ್ಲ. ಆ ಗುಂಡಿ ಇದ್ದದ್ದು ನನ್ನ ಪೆಟ್ಟಿಗೆಯ ಮೇಲೆ, ಅವರಿಗೆ ಕಾಣುವಂತೆಯೂ ಇರಲಿಲ್ಲ.

ಲಗುಬಗೆಯಿಂದ ಚಾಲೂ ಮಾಡಿದೆ. ಮುಂದಿನ ಹಾಡಿನಲ್ಲಿ ಅಕ್ಕನ ಸಾಲು ಬಂತು, ಇಬ್ಬರೂ ಸುಮ್ಮನಾದರು. ನನಗೇನೂ ಕೇಳಿಸಲಿಲ್ಲ. ಮಾರ್ಥವ್ವ ಮಾತ್ರ ಕಣ್ಣು ಮುಚ್ಚಿ ತಲೆದೂಗಿ, “ಹಾಂ, ಈಗ ಬಂತು ನೋಡು” ಎಂದರು.

ಸಾಮಾನು ಕಟ್ಟುವಾಗ ಅಕ್ಕನ ಮೈಕ್ ಹಿಡಿದೆ. ಹಾಡಿದವರ ಉಸಿರು ತಾಗಿ ಆಗುವ ಹಾಗೆ ಅದರ ಜಾಲರಿ ಒದ್ದೆಯಾಗಿತ್ತು.

ಈಗ ಅವರು ಹೇಳುವ ಮೊದಲೇ ಅದನ್ನು ಚಾಲೂ ಮಾಡುತ್ತೇನೆ. ಒರೆಸಲು ಒಂದು ಬಟ್ಟೆಯನ್ನೂ ಒಯ್ಯುತ್ತೇನೆ.