ವರುಣನ ಆರ್ಭಟ, ಚಿಕ್ಕಮುನಿಯಮ್ಮನ ಅನುಮಾನ

ಜಿಗಣಿಯ ಚಿಕ್ಕಮುನಿಯಮ್ಮನಿಗೆ ಟೀವಿಯ ಮಳೆ ಸುದ್ದಿ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಹಾಗಂತ ನೋಡದೆ ಇರುವ ಹಾಗೂ ಇರಲಿಲ್ಲ. ಮನೆಯ ಕೆಳಗಿನ ರೂಮುಗಳಲ್ಲೆಲ್ಲ ಫ್ಯಾಕ್ಟರಿ ಕೆಲಸದವರು ಬಾಡಿಗೆಗಿದ್ದರು. ತಾರಸಿ ಮಾತ್ರ ಅವಳದು. ಬೇಸಿಗೆ ಬಂತೆಂದರೆ ಅಲ್ಲಿ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದಳು. ಅಪಾರ್ಟ್‌ಮೆಂಟಿನವರು ಹುಡುಕಿಕೊಂಡು ಬಂದು ಒಯ್ಯುತ್ತಿದ್ದರು.

'ಅಲ್ಲಲ್ಲಿ ಚದುರಿದಂತೆ ಮಳೆ' ಅಂದರೆ ಅವಳಿಗೆ ಮೈಯೆಲ್ಲ ಉರಿ.

"ಅಲ್ಲಲ್ಲಿ ಅಂದ್ರೆ ಎಲ್ಲಮ್ಮಿ? ಬಂದ್ರೆ ನಾವ್ ಯೋಳಿದ್ವಲ್ಲ ಅಂತಾರೆ. ಬರ್ನಿಲ್ಲ ಅಂದ್ರೆ ನಿಮ್ಮೂರು ಅಂತ ಯಾರ್ ಯೋಳಿದ್ರು ಅಂತಾರೆ. ಇದು ಕಣಿ ಯೋಳೋರ ಮಾತು."

"ಹವಾಮಾನದವರು ಸರಿಯಾಗೇ ಹೇಳ್ತಾರೆ ಅತ್ತೆ. ಟೀವಿಯವರು ಒಗ್ಗರಣೆ ಹಾಕ್ತಾರೆ ಅಷ್ಟೆ," ಅನ್ನುತ್ತಿದ್ದಳು ಸೊಸೆ ಆಶಾರಾಣಿ.

ಏಪ್ರಿಲ್‌ನಲ್ಲೊಂದು ಮಧ್ಯಾಹ್ನ ಟೀವಿ ಕಿರುಚಿತು: "ಎಲೆಕ್ಟ್ರಾನಿಕ್ ಸಿಟಿ, ಜಿಗಣಿಗೆ ಯೆಲ್ಲೋ ಅಲರ್ಟ್! ವರುಣನ ಆರ್ಭಟ!" ಚಿಕ್ಕಮುನಿಯಮ್ಮ ಬೈದುಕೊಳ್ಳುತ್ತಲೇ ಅರೆ ಒಣಗಿದ ಸಂಡಿಗೆಯನ್ನು ಒಳಗೆ ಹೊತ್ತು ತಂದಳು. ಒಂದು ಹನಿಯೂ ಬೀಳಲಿಲ್ಲ. ಬೆಳಗ್ಗೆ ನೋಡಿದರೆ ಸಂಡಿಗೆಯೆಲ್ಲ ಅಂಟಿಕೊಂಡು ಹುಳಿ ನಾತ. ಪಕ್ಕದ ಮನೆ ಹಸುವಿನ ಪಾಲಾಯಿತು.

ಟೀವಿಯಲ್ಲಿ ಮಾತ್ರ ಮಳೆ ಇನ್ನೂ ಸುರಿಯುತ್ತಿತ್ತು. ಅವಳು ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದಳು. ತಮ್ಮದೇ ಬೀದಿ! ಮೂಲೆಯಲ್ಲಿ ದೊಡ್ಡ ಹುಣಸೆಮರ.

"ಆಶಾ, ಬಾ ಇಲ್ಲಿ! ಆ ಮರ ಕಡ್ದು ಎರಡು ವರ್ಸ ಆಯ್ತಲ್ಲಮ್ಮಿ!"

ಆಶಾರಾಣಿ ಬಂದು ನೋಡಿದಳು; ತೋರಿಸುತ್ತಿದ್ದುದು ಯಾವುದೋ ಹಳೇ ಮಳೆ. ಅಂದಿನಿಂದ ಅತ್ತೆಯ ಅನುಮಾನಕ್ಕೆ ಹಗಲೂ ಇಲ್ಲ, ಇರುಳೂ ಇಲ್ಲ.

ಮೇ ತಿಂಗಳಲ್ಲಿ ನಿಜವಾದ ಮಳೆ ಬಂತು. ಹೊಡೆದದ್ದು ಒಂದೇ ಗಂಟೆ, ಆದರೆ ಬೀದಿಯಲ್ಲಿ ಮೊಣಕಾಲುದ್ದ ನೀರು, ಕೆಳಗಿನ ರೂಮಿನವರ ಹಾಸಿಗೆಯೆಲ್ಲ ತೊಪ್ಪೆ. ಮರುದಿನ ಬೆಳಗ್ಗೆಯೇ ಬಾಲಾಜಿ ಅನ್ನುವ ಟೀವಿ ವರದಿಗಾರ ಮೈಕು ಹಿಡಿದು ಬಂದ.

"ಅಮ್ಮಾ, ವರುಣನ ಆರ್ಭಟಕ್ಕೆ ಬೆಚ್ಚಿಬಿದ್ರಾ?"

"ಇದ್ನ ಎಷ್ಟು ವರ್ಸ ತೋರಿಸ್ತೀಯಪ್ಪಾ?" ಅಂತ ಅವನನ್ನೇ ಕೇಳಿದಳು. ಅವನು ಪೆಚ್ಚಾಗಿ ನಕ್ಕ. ಅವಳೇ ಮುಂದುವರಿಸಿದಳು: "ಆರ್ಭಟನೂ ಇಲ್ಲ, ಗೀರ್ಭಟನೂ ಇಲ್ಲ. ಬಿರುಸು ಮಳೆ ಬಂತು, ನಿಂತ್ಕೊಂತು. ನಮ್ ನಾಯಿಗೆ ಭಯ ಆಯ್ತು, ನಂಗೇನಿಲ್ಲ. ಮೋರಿ ತುಂಬ ಇಟ್ಟಿಗೆ ಚೂರು ಸುರ್ದವ್ರೆ, ಅದ್ನ ತೋರ್ಸು."

ಬಾಲಾಜಿ ಮೋರಿಯನ್ನೂ ಚಿತ್ರ ತೆಗೆದುಕೊಂಡು ಹೋದ. ಸಂಜೆ ಟೀವಿಯಲ್ಲಿ ಮೋರಿಯ ಸುಳಿವೇ ಇಲ್ಲ. 'ವರುಣಾರ್ಭಟಕ್ಕೆ ನಡುಗಿದ ವೃದ್ಧೆ' ಎಂಬ ಕೆಂಪಕ್ಷರದ ಮೇಲೆ ಚಿಕ್ಕಮುನಿಯಮ್ಮನ ಮುಖ, ಬಾಯಲ್ಲಿ ಎರಡೇ ಮಾತು: "ಭಯ ಆಯ್ತು." ಮಾಕಳಿಯಿಂದ ತಂಗಿ ಅಳುತ್ತಾ ಫೋನ್ ಮಾಡಿದಳು.

ಚಿಕ್ಕಮುನಿಯಮ್ಮ ಅವಳನ್ನು ಸಮಾಧಾನ ಮಾಡಿ ಫೋನ್ ಇಟ್ಟಳು. ಆಮೇಲೆ ಸೊಸೆಗೆ ಮೆಲ್ಲಗೆ ಹೇಳಿದಳು: "ಎಲ್ಲಾ ದೇವ್ರ ಮೇಲೆ ಆಕ್ಬುಟ್ರೆ ಮೋರಿ ಮುಚ್ಚಿದೋನು ಬಚಾವಾದ, ನೋಡು."

ಮುಚ್ಚಿದ್ದು ಮೂಲೆಯಲ್ಲಿ ಬಿಲ್ಡಿಂಗ್ ಎಬ್ಬಿಸುತ್ತಿದ್ದ ಮುನಿಕೃಷ್ಣ; ಲಾರಿ ಹತ್ತಿಸಲು ಮೋರಿಗೇ ಇಟ್ಟಿಗೆ ಚೂರು ತುಂಬಿಸಿದ್ದ. ಮಾರನೆಯ ದಿನ ಅವಳು ಬಾಡಿಗೆಯವರನ್ನೆಲ್ಲ ಕರೆದುಕೊಂಡು ಅವನ ಮುಂದೆ ನಿಂತಳು.

"ನಾಳೆ ತೆಗೆಸ್ತೀನಿ ದೊಡ್ಡಮ್ಮ," ಅಂದ ಅವನು.

"ನಿನ್ ನಾಳೇನೂ ಆ ಅಲ್ಲಲ್ಲಿ ಮಳೇನೂ ಒಂದೇ," ಅಂದವಳು ಅವನ ಮರಳು ಗುಡ್ಡೆಯ ಮೇಲೆ ಕೂತುಬಿಟ್ಟಳು. ಲಾರಿ ಬಂತು, ಏಳಲಿಲ್ಲ. ಬಿಸಿಲೇರಿತು, ಏಳಲಿಲ್ಲ. ಮಧ್ಯಾಹ್ನಕ್ಕೆ ಜೆಸಿಬಿ ಬಂದು ಮೋರಿ ಬಗೆಯಿತು.

"ಆಯ್ತಲ್ಲ, ಇನ್ನಾದ್ರೂ ಏಳು ದೊಡ್ಡಮ್ಮ."

ಚಿಕ್ಕಮುನಿಯಮ್ಮ ಎದ್ದಳು, ಆದರೆ ಮನೆಗೆ ಹೋಗಲಿಲ್ಲ. ಎರಡು ಬಕೆಟ್ ನೀರು ತರಿಸಿ ಮೋರಿಗೆ ಸುರಿಸಿ, ಅದರ ಜೊತೆಜೊತೆಗೇ ಬೀದಿಯ ಕೊನೆಯವರೆಗೂ ನಡೆದಳು.